ಮೊದಲು ಬಿಳಿ, ಕೊನೆಗೆ ಕೆಂಪು

ಮಾರ್ಚ್ 3, ಸೋಮವಾರ. ಬೆಳಗ್ಗೆ 8.10

ಲ್ಯಾಬಿನ ಅಳತೆ ಮೆಷಿನ್ ಪ್ರೆಷರ್ ಮತ್ತೆ ಏರಿದೆ. ಎರಡು ಸಲ ತೊಳೆದೆ, ಫಿಲ್ಟರ್ ಬದಲಿಸಿದೆ, ಬೈದೆ. ಬೈದ ಮೇಲೆ ಇಳಿಯಿತು. ಇದಕ್ಕೆ ‘ಅತ್ತೆ’ ಅಂತ ಹೆಸರಿಟ್ಟು ಒಂಬತ್ತು ವರ್ಷ. ಸುಮ್ಮಸುಮ್ಮನೆ ಪ್ರೆಷರ್ ಏರಿಸಿಕೊಳ್ಳುತ್ತೆ, ಅದಕ್ಕೆ. ಮನೆಯಲ್ಲಿರುವ ನಿಜವಾದ ಅತ್ತೆ ಪಾಪ, ಬೆಲ್ಲದಂಥ ಹೆಂಗಸು. ಅವರ ಮುಂದೆ ಈ ಹೆಸರು ಬಾಯಿತಪ್ಪಿಯೂ ಬರದ ಹಾಗೆ ನೋಡಿಕೊಂಡಿದ್ದೇನೆ.

ಇವತ್ತು ಕಟಿಂಗ್, ಮಿದುಳು ಬಿಡಿಸುವ ದಿನ. ಇಪ್ಪತ್ನಾಲ್ಕು ಇಲಿ. ನಾಳೆ ಇನ್ನಿಪ್ಪತ್ನಾಲ್ಕು. ಎಲ್ಲ ತಿಂಗಳ ಹಿಂದೆ ಗಾಮಾ ಕಿರಣದ ಕೋಣೆಗೆ ಹೋಗಿ ಬಂದವು. ಪಂಜರಕ್ಕೆ ಬಿಳಿ ಕಾರ್ಡು ಹಾಕಿರುವವು ಸುಮ್ಮನೆ ಹೋಗಿ ಬಂದವು, ಕಿರಣ ಬಿಟ್ಟಿಲ್ಲ. ಹಳದಿಗೆ ಸ್ವಲ್ಪ, ಕಿತ್ತಳೆಗೆ ಅದರ ಎರಡರಷ್ಟು, ಕೆಂಪಿಗೆ ನಾಲ್ಕರಷ್ಟು. ಹೊರಗಿಂದ ನೋಡಿದರೆ ನಾಲ್ಕೂ ಒಂದೇ. ಒಳಗೆ ಮಿದುಳಿನ ರಸಾಯನ ಏನಾಗಿದೆ ಅನ್ನುವುದೇ ನಮ್ಮ ಹೊಟ್ಟೆಪಾಡು.

ರಾತ್ರಿ 9.30

ಮುಗಿಯಿತು. ನಮ್ಮ ಲ್ಯಾಬಿನ ಕತ್ತರಿ ಅಕ್ಕನ ಕೆಲಸ ನೋಡುತ್ತಾ ನಿಂತರೆ ನನಗೆ ಈಗಲೂ ಉಸಿರು ಕಟ್ಟುತ್ತೆ. ಇಲಿಯನ್ನು ಅಂಗೈಯಲ್ಲಿ ಹಿಡಿದು ಕಿವಿಯ ಹತ್ತಿರ “ಆಯ್ತಪ್ಪ, ಆಯ್ತು” ಅನ್ನುತ್ತಾರೆ. ಅದು ಸುಮ್ಮನಾಗುವ ತನಕ ಕಾಯುತ್ತಾರೆ. ಆಮೇಲೆ ಮೊಣಕೈಯಿಂದ ಟೈಮರ್ ಒತ್ತಿ ಶುರು. ತಲೆ, ಬುರುಡೆ, ಮಿದುಳು ಐಸ್ ತಟ್ಟೆಗೆ, ಮೂರು ಭಾಗ ಮೂರು ಟ್ಯೂಬಿಗೆ. ಒಂದು ನಿಮಿಷ ಚಿಲ್ಲರೆ. ಮತ್ತೆ ಮೊಣಕೈ. ಗೌನ್ ಜೇಬಿನಿಂದ ಒಂದು ಕಪ್ಪು ಪುಸ್ತಕ ತೆಗೆದು ಏನೋ ಗೀಚಿ ಒಳಗಿಡುತ್ತಾರೆ. ಮುಂದಿನ ಇಲಿ.

ನಾನು ಒಂದು ಸಲ ಪ್ರಯತ್ನಪಟ್ಟಿದ್ದೆ. ನಾಲ್ಕು ನಿಮಿಷವಾಯಿತು. ಅಕ್ಕ ನೋಡಿ, “ಇದೇನು ಸೌತೆಕಾಯಿ ಹೆಚ್ತಿದೀಯಾ?” ಅಂದರು. ಮತ್ತೆ ಕತ್ತರಿ ಮುಟ್ಟಿಲ್ಲ.

ಊಟದ ಹೊತ್ತಲ್ಲಿ ಮಗಳು, “ಅಷ್ಟು ಅವಸರ ಯಾಕಮ್ಮ?” ಅಂದಳು. ಮಿದುಳಲ್ಲಿ ಸುದ್ದಿ ಹೊತ್ತು ಓಡಾಡುವ ವಸ್ತುಗಳಿವೆ, ಡೋಪಮೈನ್, ಸೆರೋಟೋನಿನ್ ಅಂತ. ಜೀವ ಹೋದ ಕ್ಷಣದಿಂದ ಅವು ಕಡಿಮೆಯಾಗುತ್ತಾ ಹೋಗುತ್ತವೆ. ಬಿಸಿಲಲ್ಲಿ ಐಸ್‌ಕ್ಯಾಂಡಿ ಹಿಡಿದು ಮನೆಗೆ ಓಡುವ ಹಾಗೆ. “ಹಾಗಾದ್ರೆ ಕತ್ತರಿ ಅಕ್ಕ ಜೋರಾಗಿ ಓಡ್ತಾರಾ?” “ಅವರಷ್ಟು ಜೋರಾಗಿ ಓಡೋರನ್ನ ನಾನಂತೂ ನೋಡಿಲ್ಲ.”

ಮಾರ್ಚ್ 4, ಮಂಗಳವಾರ

ಎರಡನೇ ಇಪ್ಪತ್ನಾಲ್ಕೂ ಆಯಿತು. ಸಂಜೆ ಅಕ್ಕ ಮಣಿಕಟ್ಟು ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದರು. ಕೇಳಿದ್ದಕ್ಕೆ, “ಐವತ್ತೊಂಬತ್ತು ವರ್ಷದ ಕೈ. ಜೂನ್ ಮೂವತ್ತರ ತನಕ ಬಂದ್ರೆ ಸಾಕು” ಅಂದರು. ಅವತ್ತು ಅವರ ನಿವೃತ್ತಿ. ನೆನೆಸಿಕೊಂಡರೆ ಸಂಕಟವಾಗುತ್ತೆ.

ಖಾಲಿ ಪಂಜರ ತೊಳೆಯುತ್ತಿದ್ದ ಇಲಿ ಮಾವ (ಪ್ರಾಣಿಗಳ ಮನೆ ನೋಡಿಕೊಳ್ಳುವವರು, ಎಲ್ಲರಿಗೂ ಮಾವ) ಮತ್ತೆ ಅದೇ ರಾಗ. “ಕೆಂಪು ಕಾರ್ಡಿನವು ಕಾಗದ ಹರಿಯಲ್ಲ ಕಣಮ್ಮ. ಬೇರೆಯವು ಹರಿದು ಹರಿದು ಗೂಡು ಮಾಡ್ಕೊಂಡು ಒತ್ತಾಗಿ ಮಲಗ್ತವೆ. ಇವು ಕಾಗದದ ಮೇಲೇ ಕೂತಿರ್ತವೆ, ಒಂದೊಂದು ಮೂಲೇಲಿ. ಬರ್ಕೋ.” ಎಲ್ಲಿ ಬರೆಯಲಿ? ಸುಮ್ಮನೆ ತಲೆಯಾಡಿಸಿದೆ.

ಮಾರ್ಚ್ 12, ಬುಧವಾರ

ಆರು ದಿನ, ದಿನಕ್ಕೆ ಇಪ್ಪತ್ನಾಲ್ಕು ಟ್ಯೂಬು ಮೆಷಿನ್‌ಗೆ ಹಾಕಿದೆ. ಅತ್ತೆ ಒಮ್ಮೆಯೂ ಮುನಿಸಿಕೊಳ್ಳಲಿಲ್ಲ. ಇವತ್ತು ಗ್ರಾಫ್ ಹಾಕಿದೆ.

ಮೆಟ್ಟಿಲು! ಬಿಳಿ ಎತ್ತರದಲ್ಲಿ, ಹಳದಿ ಒಂದು ಮೆಟ್ಟಿಲು ಕೆಳಗೆ, ಕಿತ್ತಳೆ ಇನ್ನೊಂದು, ಕೆಂಪು ತಳದಲ್ಲಿ. ಕಿರಣ ಹೆಚ್ಚಿದಷ್ಟೂ ಡೋಪಮೈನ್ ಕಡಿಮೆ. ಸತತ ಮೂರನೇ ವರ್ಷ ಇದೇ ಚಿತ್ರ. ಸರ್ ಖುಷಿಗೆ ತಿರುಗುವ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದರು. ಅರವತ್ತಕ್ಕೆ ಹತ್ತಿರವಾದ ಪ್ರೊಫೆಸರ್! ಹೋದ ವರ್ಷದ ಲೇಖನ ಅಚ್ಚಾಗಿ ಹೆಸರು ತಂದಿದೆ. ಈ ಸಲದ್ದನ್ನು ಜೂನ್ ಸಮ್ಮೇಳನದಲ್ಲಿ ಮಂಡಿಸುತ್ತಾರಂತೆ. “ಇಷ್ಟು ನೀಟಾದ ಮೆಟ್ಟಿಲು ಬರ್ಬೇಕಾದ್ರೆ ಕೈ ಅಕ್ಕಂದೇ ಆಗಿರ್ಬೇಕು” ಅಂದರು. ಅಕ್ಕ ಚಹಾ ಊದಿ ಕುಡಿಯುತ್ತಾ, “ಅಷ್ಟು ನೀಟಾಗಿ ನನ್ನ ಮನೆ ಮೆಟ್ಟಿಲೂ ಇಲ್ಲ ಸರ್” ಅಂದರು. ಎಲ್ಲರೂ ನಕ್ಕೆವು.

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಇವರು ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದಾರೆ. ಗಣಿತ, ಎಂಬತ್ತು ಹುಡುಗರು. ಕಟ್ಟು ಬಿಚ್ಚಿ ಇಸ್ಪೀಟ್ ಎಲೆಯ ಹಾಗೆ ಕಲಸುತ್ತಿದ್ದರು. ನೀಟಾಗಿ ನಂಬರ್ ಪ್ರಕಾರ ಇದ್ದದ್ದನ್ನು ಯಾಕೆ ಕೆಡಿಸುತ್ತೀರಿ ಅಂದೆ.

“ಕೊನೇಲಿ ಬರೋರ ಹಣೆಬರಹ ಕೆಟ್ಟದ್ದು ಕಣೇ. ಅಷ್ಟೊತ್ತಿಗೆ ನಂಗೆ ಸುಸ್ತಾಗಿರುತ್ತೆ, ಸಿಟ್ಟು ಬಂದಿರುತ್ತೆ, ಕೈ ಬಿಗಿಯಾಗುತ್ತೆ. ಪ್ರತಿ ಸಲ ಅದೇ ನಂಬರಿನ ಹುಡುಗರಿಗೆ ಹೊಡೆತ ಬೀಳಬಾರ್ದಲ್ಲ. ಅದಕ್ಕೆ ಕಲಸಿಬಿಡೋದು.”

ಒಳ್ಳೆಯ ಮನುಷ್ಯ. ತರಕಾರಿ ಹೆಚ್ಚಲು ಹೋದೆ. ಎರಡನೇ ಈರುಳ್ಳಿಗೆ ಕೈ ನಿಂತಿತು.

ನಮ್ಮಲ್ಲಿ ಯಾವ ಕ್ರಮ? ಮೊದಲು ಬಿಳಿ. ಆಮೇಲೆ ಹಳದಿ, ಕಿತ್ತಳೆ. ಕೊನೆಗೆ ಕೆಂಪು. ಯಾವಾಗಲೂ.

ಸಂಜೆ

ಈ ಕ್ರಮ ಯಾಕೆ ಬಂತು ಅಂತ ಗೊತ್ತು. ನಾನು ಸೇರುವ ಎಷ್ಟೋ ಮುಂಚೆ ಇಲ್ಲಿ ಇಲಿಗಳಿಗೆ ವಿಕಿರಣದ ವಸ್ತುವನ್ನೇ ಚುಚ್ಚುತ್ತಿದ್ದರು. ಆಗ ಇಲಿಯ ಮೈಯೊಳಗೇ ಅದು ಇರುತ್ತಿತ್ತು. ಕೆಂಪು ಮುಟ್ಟಿದ ಕತ್ತರಿ ಬಿಳಿಗೆ ತಾಗಬಾರದು. ಅದಕ್ಕೆ ಶುದ್ಧವಾದದ್ದು ಮೊದಲು, ಮೈಲಿಗೆಯಾದದ್ದು ಕೊನೆಗೆ. ಈಗ ಕಿರಣ ಹೊರಗಿಂದ ಬಂದು ಹಾದು ಹೋಗುತ್ತೆ, ಇಲಿಯ ಮೈಯಲ್ಲಿ ಏನೂ ಉಳಿಯಲ್ಲ. ಕಾರಣ ಹೋಯಿತು, ಮಡಿ ಉಳಿಯಿತು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಬಿಳಿ. ಸಂಜೆ ನಾಲ್ಕೂವರೆಗೆ ಕೆಂಪು. ಸಂಜೆಯ ಅಕ್ಕನ ಮಣಿಕಟ್ಟು…

ಮಾರ್ಚ್ 18, ಮಂಗಳವಾರ

ನಿನ್ನೆ ಅಕ್ಕನ ಕಪ್ಪು ಪುಸ್ತಕ ಕೇಳಿದೆ. ಏನೋ ನೆಪ ಹೇಳಿದೆ, ಟ್ಯೂಬ್ ನಂಬರ್ ತಾಳೆ ನೋಡಬೇಕು ಅಂತ. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದರು. ಜೇಬಿನಿಂದ ತೆಗೆದು ಕೊಟ್ಟರು. “ಜೋಪಾನ” ಅಂದರು, ಅಷ್ಟೇ.

ಪ್ರತಿ ಇಲಿಗೂ ಒಂದು ಸಾಲು. ತಾರೀಖು, ಇಲಿಯ ನಂಬರ್, ಎಷ್ಟು ಸೆಕೆಂಡು. ಬಿಟ್ಟುಹೋದ ಸಾಲು ಒಂದೂ ಇಲ್ಲ. ಕೆಲವು ಕಡೆ ಪಕ್ಕದಲ್ಲಿ ಪುಟ್ಟ ಅಕ್ಷರ: ‘ಕೈ ಜಾರಿತು.’ ‘ನೆಗಡಿ.’ ‘ಇದು ಬಹಳ ಹೆದರಿತ್ತು, ಕಾದೆ.’ ಯಾರೂ ಬರೆಯಲು ಹೇಳಿದ್ದಲ್ಲ. ನಮ್ಮ ದೊಡ್ಡ ರಿಜಿಸ್ಟರಿನಲ್ಲಿ ಸೆಕೆಂಡಿಗೆ ಕಾಲಮ್ಮೇ ಇಲ್ಲ.

ಈ ತಿಂಗಳ ಮೂರನೇ ತಾರೀಖು: ಮೊದಲ ಬಿಳಿ ಅರವತ್ತೊಂದು ಸೆಕೆಂಡು. ಕೊನೆಯ ಕೆಂಪು ತೊಂಬತ್ತೆಂಟು. ನಡುವೆ ಏರುತ್ತಾ ಹೋಗಿದೆ. ನಾಲ್ಕನೇ ತಾರೀಖೂ ಅದೇ. ಹೋದ ವರ್ಷ, ಅದರ ಹಿಂದಿನ ವರ್ಷ, ಅದೇ.

ಸೆಕೆಂಡಿನ ಗ್ರಾಫ್ ಹಾಕಿದೆ. ಮೆಟ್ಟಿಲು. ತಲೆಕೆಳಗು ಮಾಡಿದರೆ ನಮ್ಮ ಡೋಪಮೈನ್ ಮೆಟ್ಟಿಲಿನ ಮೇಲೆ ಕೂರುತ್ತೆ. ನಾವು ಮೂರು ವರ್ಷ ಅಳೆದದ್ದು ಕಿರಣವನ್ನಲ್ಲ, ಅಕ್ಕನ ಸುಸ್ತನ್ನ.

ಸುಳ್ಳಾಗಲಿ ಅಂತ ಇನ್ನೊಂದು ಸಲ ಹಾಕಿದೆ.

ಮಾರ್ಚ್ 28, ಶುಕ್ರವಾರ

ಹತ್ತು ದಿನ ಬರೆಯಲಿಲ್ಲ. ಬಾಯಲ್ಲಿ ಬಿಸಿತುಪ್ಪ. ನುಂಗಲೂ ಆಗಲ್ಲ, ಉಗುಳಲೂ ಆಗಲ್ಲ. ಸರ್‌ಗೆ ಹೇಳಿದರೆ ಅಕ್ಕ ಮೂವತ್ತೊಂದು ವರ್ಷದ ಕೆಲಸ ಮುಗಿಸಿ ಹೋಗುವ ಮುಂಚೆ ಎಲ್ಲರೂ ಅವರ ಕೈ ನೋಡಿ ಪಿಸುಗುಟ್ಟುತ್ತಾರೆ. ಹೇಳದಿದ್ದರೆ ಸರ್ ಜೂನ್‌ನಲ್ಲಿ ಸುಳ್ಳು ಮೆಟ್ಟಿಲು ಹತ್ತಿ ನಿಲ್ಲುತ್ತಾರೆ. ಮೂರು ತಿಂಗಳು ಸುಮ್ಮನಿದ್ದುಬಿಡೋಣ, ಅಕ್ಕ ಹೋದ ಮೇಲೆ ಹೇಳೋಣ ಅಂತಲೂ ಅನಿಸಿತು. ಬರೆಯಲು ನಾಚಿಕೆ. ಆದರೆ ಅನಿಸಿತು.

ಇವತ್ತು ಇನ್ನು ತಡೆಯಲಾಗಲಿಲ್ಲ. ಸರ್‌ಗಲ್ಲ, ಅಕ್ಕನಿಗೇ ಮೊದಲು. ತಣ್ಣಗಿನ ಕೋಣೆಗೆ ಕರೆದುಕೊಂಡು ಹೋಗಿ ಎರಡೂ ಗ್ರಾಫ್ ತೋರಿಸಿದೆ. ಏನೇನು ಹೇಳಿದೆನೋ.

ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೆರಳಿಟ್ಟು ಒಂದೊಂದೇ ಚುಕ್ಕೆ ಮುಟ್ಟಿದರು.

“ಇದನ್ನ ಎಷ್ಟು ದಿನದಿಂದ ಹೊಟ್ಟೇಲಿ ಇಟ್ಕೊಂಡಿದೀಯಾ?”

“ಹತ್ತು ದಿನ.”

“ಅದಕ್ಕೇ ಮುಖ ಹಿಂಗಾಗಿದೆ. ನಾನು ಗಂಡ ಹೆಂಡ್ತಿ ಜಗಳ ಅಂದ್ಕೊಂಡಿದ್ದೆ.”

ನನಗೆ ಅಳು, ನಗು ಎರಡೂ ಬಂತು. ಅಕ್ಕ ಕನ್ನಡಕ ತೆಗೆದರು. “ಈ ಟೈಮರ್ ಬಂದಾಗಿಂದ ಬರೀತಿದೀನಿ. ಹದಿನಾರು ವರ್ಷ. ಯಾರಾದ್ರೂ ಒಬ್ರು ‘ಅಕ್ಕಾ, ಆ ಪುಸ್ತಕ ಕೊಡಿ ನೋಡೋಣ’ ಅಂತಾರೆ ಅಂತ ಕಾದೆ. ನೀನು ಕೇಳ್ದೆ ನೋಡು.”

“ನಿಮಗೆ ಬೇಜಾರಾಗ್ಲಿಲ್ವಾ ಅಕ್ಕ?”

“ಆಗದೆ ಏನು! ಕೈ ನಂದಲ್ವಾ? ನಿಧಾನ ಆಗಿದ್ದು ಗೊತ್ತಿತ್ತು. ಅದು ಹೀಗೆ ಸಾಲಾಗಿ ಕೂತಿರುತ್ತೆ ಅಂತ ಗೊತ್ತಿರ್ಲಿಲ್ಲ.” ಗ್ರಾಫ್ ಮಡಚಿ ನನ್ನ ಕೈಗಿಟ್ಟರು. “ಆದ್ರೆ ಅಷ್ಟು ಇಲಿ ಸತ್ತಿದ್ದು ಒಂದು ಸುಳ್ಳಿಗೆ ಅಂತಾದ್ರೆ ನಂಗೆ ಅನ್ನ ಸೇರಲ್ಲ ಕಣೇ. ಮತ್ತೆ ಮಾಡೋಣ. ಕ್ರಮ ಕಲಸಿ. ಯಾವುದು ಯಾವ ಬಣ್ಣ ಅಂತ ನಂಗೂ ಗೊತ್ತಿರಬಾರದು, ನಿಂಗೂ ಗೊತ್ತಿರಬಾರದು. ಈಗ್ಲೇ ಶುರು ಮಾಡಿದ್ರೆ ನಾನಿರೋದ್ರೊಳಗೆ ಮುಗಿಯುತ್ತೆ.”

ನಾನು ಹತ್ತು ದಿನದಲ್ಲಿ ಮಾಡಲಾಗದ್ದನ್ನು ಈ ಹೆಂಗಸು ಹತ್ತು ನಿಮಿಷದಲ್ಲಿ ಮಾಡಿದರು. ಮನೆಗೆ ಬರುತ್ತಾ ದಾರಿಯುದ್ದಕ್ಕೂ ಅದೇ ಯೋಚನೆ. ಇಂಥವರ ಪಕ್ಕದ ಮೇಜಿನಲ್ಲಿ ಒಂಬತ್ತು ವರ್ಷ ಕೂತಿದ್ದೇನೆ.

ಏಪ್ರಿಲ್ 1, ಮಂಗಳವಾರ

ಸರ್‌ಗೆ ಹೇಳಿದೆವು. ಮೊದಲು ಏಪ್ರಿಲ್ ಫೂಲ್ ಅಂದುಕೊಂಡರು. ಆಮೇಲೆ ಬೆವರಿದರು.

ಸರ್ ಕೆಟ್ಟವರಲ್ಲ. ಹೆದರಿದರು, ಅಷ್ಟೇ. ಕತ್ತರಿ ಮೊಂಡಾಗಿತ್ತೇನೋ, ಕೋಣೆಯ ಉಷ್ಣಾಂಶ ಸಂಜೆಗೆ ಏರುತ್ತೇನೋ… ಏನೇನೋ ಹುಡುಕಿದರು. ಅಕ್ಕ, “ಬೇಡಿ ಸರ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕತ್ತರಿ ಚೂಪಾಗೇ ಇತ್ತು” ಅಂದರು. ಹಾಗಾದರೆ ಮುಂದಿನ ಲೇಖನದಲ್ಲಿ ಚಿಕ್ಕದೊಂದು ಅಡಿಟಿಪ್ಪಣಿ ಹಾಕೋಣ ಅಂದರು ಸರ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

“ಮೂವತ್ತೊಂದು ವರ್ಷ ದುಡಿದು ಹೋಗೋ ಹೊತ್ತಲ್ಲಿ ನಿಮ್ಮ ಹೆಸರಿಗೆ ಮಸಿ ಬಳೀಲಾ ಅಕ್ಕಾ?” ಸರ್ ಧ್ವನಿ ನಿಜವಾಗಿ ಒಡೆದಿತ್ತು.

“ಮಸಿ ಅಲ್ಲ ಸರ್, ಸೆಕೆಂಡು. ಇದ್ದಷ್ಟು ಬರೀರಿ. ಮೊದಲು ಮತ್ತೆ ಮಾಡೋಣ. ಬಂದದ್ದು ಬರಲಿ.”

ಸರ್ ಕಿಟಕಿಯ ಹತ್ತಿರ ಹೋಗಿ ನಿಂತರು. ತಿರುಗಿದಾಗ, “ಸೋಮವಾರ ಕಿರಣದ ಕೋಣೆ ಬುಕ್ ಮಾಡಿ” ಅಂದರು ನನಗೆ. ಅವರ ಮೇಲೂ ಗೌರವ ಹೆಚ್ಚಾಯಿತು. ಮೂರು ವರ್ಷದ ಹೆಮ್ಮೆ ಬಿಡುವುದು ಸುಲಭವಲ್ಲ.

ಏಪ್ರಿಲ್ 7, ಸೋಮವಾರ

ನಲವತ್ತೆಂಟು ಹೊಸ ಇಲಿ. ದಪ್ಪ ಬಾಗಿಲು, ಕೆಂಪು ದೀಪ, ಹೊರಗೆ ನಾವು. ತೂತಿರುವ ಪ್ಲಾಸ್ಟಿಕ್ ಕೊಳವೆಗಳಲ್ಲಿ ಅವು ಮೂಗು ಆಡಿಸುತ್ತಾ ಒಳಗೆ. ಪ್ರತಿ ಸಲ ಹೊರಬಂದಾಗ ಮುಖ ತೊಳೆದುಕೊಳ್ಳುತ್ತವೆ, ಏನೂ ಆಗದವರ ಹಾಗೆ.

ಇಲಿ ಮಾವ ಟೋಪಿಯಲ್ಲಿ ನಲವತ್ತೆಂಟು ಚೀಟಿ ಹಾಕಿ ಎತ್ತಿದರು. ಯಾವ ಇಲಿಗೆ ಯಾವ ನಂಬರ್ ಅನ್ನುವುದು ಅವರೊಬ್ಬರಿಗೇ ಗೊತ್ತು. ಪಟ್ಟಿ ಅವರ ಬೀರುವಿನಲ್ಲಿ, ಕೀಲಿ ಅವರ ಸೊಂಟದಲ್ಲಿ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದ ಮನುಷ್ಯ. ಅಕ್ಕ ಎಚ್ಚರಿಸಿದರು: “ಮಾವ, ಬಾಯಿ ಬಿಟ್ರೆ ನಲವತ್ತೊಂಬತ್ತನೇ ಚೀಟಿ ನಿಮ್ದು.”

ಏಪ್ರಿಲ್ 23, ಬುಧವಾರ

ಇಲಿ ಮಾವ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಮಾತಾಡಿದರೆ ಎಲ್ಲಿ ಗುಟ್ಟು ಜಾರುತ್ತೋ ಅಂತ ಭಯ. ಇವತ್ತು ಚಹಾ ಕುಡಿಯುವಾಗ ಕಾಗದದ ಗೂಡಿನ ವಿಷಯ ಶುರು ಮಾಡಿ ತಟಕ್ಕನೆ ಬಾಯಿ ಮುಚ್ಚಿಕೊಂಡು ಎದ್ದು ಹೋದರು. ಅರ್ಧ ಚಹಾ ಅಲ್ಲೇ.

ಮೇ 9, ಶುಕ್ರವಾರ

ನಾಲ್ಕು ದಿನದ ಕಟಿಂಗ್ ಮುಗಿಯಿತು. ಈ ಸಲ ದಿನಕ್ಕೆ ಹನ್ನೆರಡೇ. ಅಕ್ಕನದೇ ತೀರ್ಮಾನ. ನಡುವೆ ನಡುವೆ ಬಿಸಿನೀರಲ್ಲಿ ಕೈ ಅದ್ದಿಕೊಂಡರು. ಟೈಮರ್ ಒತ್ತಲು ನಾನು ನಿಂತೆ. ಅಕ್ಕ ಜೋರಾಗಿ ಹೇಳಿಸಿದರು, ಕೋಣೆಗೆಲ್ಲ ಕೇಳುವ ಹಾಗೆ. “ಅರವತ್ತೆರಡು!” “ಅರವತ್ತು!” “ಎಪ್ಪತ್ತೊಂದು!” ಎಪ್ಪತ್ತೊಂದು ಬಂದಾಗ ನಾನು ಮೆಲ್ಲಗೆ ಹೇಳಿದೆ. ಬೈದರು. “ಕಡಿಮೆ ಬಂದಾಗ ಡಂಗುರ, ಜಾಸ್ತಿ ಬಂದಾಗ ಪಿಸುಮಾತಾ? ಜೋರಾಗಿ ಹೇಳು.”

ಇವತ್ತಿನ ಕೊನೆಯ ಇಲಿ ಐವತ್ತೊಂಬತ್ತು ಸೆಕೆಂಡು. ಐವತ್ತೊಂಬತ್ತು ವರ್ಷದ ಕೈ! ನಾನು ಚಪ್ಪಾಳೆ ಹೊಡೆದೆ. ಅಕ್ಕ ಇಲಿಯ ಮೇಲೆ ಬಟ್ಟೆ ಮುಚ್ಚಿ, “ಸತ್ತವರ ಮುಂದೆ ಚಪ್ಪಾಳೆ ಹೊಡೀಬಾರ್ದು” ಅಂದರು. ನಾಚಿಕೆಯಾಯಿತು.

ಮೇ 19, ಸೋಮವಾರ

ಬೆಳಗ್ಗೆ ಹತ್ತು. ಇಲಿ ಮಾವ ಪಟ್ಟಿ ತಂದರು. ಇಸ್ತ್ರಿ ಮಾಡಿದ ಶರ್ಟು ಬೇರೆ. ಸರ್, ಅಕ್ಕ, ನಾನು, ಒಂದೇ ಕಂಪ್ಯೂಟರಿನ ಮುಂದೆ ನಾಲ್ಕು ತಲೆ. ಮಾವ ಬಣ್ಣ ಓದಿದರು, ನಾನು ತುಂಬಿಸಿದೆ.

ಡೋಪಮೈನ್: ಮೆಟ್ಟಿಲು ಇಲ್ಲ. ಸಪಾಟು. ಆಟದ ಮೈದಾನ.

ಸರ್ ಕಣ್ಣು ಮುಚ್ಚಿದರು. ಅಕ್ಕ, “ಮುಂದಿನದು ಹಾಕು” ಅಂದರು.

ಸೆರೋಟೋನಿನ್. ಬಿಳಿ, ಹಳದಿ, ಕಿತ್ತಳೆ ಒಂದೇ ಮಟ್ಟ. ಕೆಂಪು, ಮಿದುಳಿನ ಮೂರು ಭಾಗದಲ್ಲಿ ನೆನಪಿಗೆ ಸಂಬಂಧಿಸಿದ್ದರಲ್ಲಿ ಮಾತ್ರ, ಐದನೇ ಒಂದು ಭಾಗ ಕಡಿಮೆ. ಹನ್ನೆರಡರಲ್ಲಿ ಹನ್ನೊಂದು ಇಲಿಗಳಲ್ಲಿ. ಸೆಕೆಂಡಿಗೆ ತಾಳೆ ಹಾಕಿದೆ, ಸಂಬಂಧವೇ ಇಲ್ಲ. ಇದು ನಿಜವಾದದ್ದು. ಚಿಕ್ಕದು, ಒಂದೇ ಒಂದು, ಆದರೆ ನಿಜ.

“ಗೂಡು ಕಟ್ಟಲ್ಲ ಅಂತ ಮೂರು ವರ್ಷದಿಂದ ಬಡ್ಕೋತಿದೀನಿ” ಅಂದರು ಮಾವ. ಒಂದೂವರೆ ತಿಂಗಳು ಕಟ್ಟಿಟ್ಟಿದ್ದ ಮಾತೆಲ್ಲ ಹೊರಬಂತು. ಯಾವ ಪಂಜರದಲ್ಲಿ ಯಾವುದು ಎಲ್ಲಿ ಕೂರುತ್ತಿತ್ತು, ಎಷ್ಟು ಕಾಗದ ಹರಿಯದೆ ಉಳಿಯಿತು. ಸರ್ ಮೊದಲ ಸಲ ಪೆನ್ನು ತೆಗೆದು ಅವರು ಹೇಳಿದ್ದನ್ನು ಬರೆದುಕೊಂಡರು. ನಮಗಿಂತ ಮೊದಲು ಇಲಿಗಳ ಮನಸ್ಸು ಓದಿದವರು ಈ ಮನುಷ್ಯ. ನಾನು ತಲೆಯಾಡಿಸಿ ಸುಮ್ಮನಿದ್ದೆನಲ್ಲ!

ಅಕ್ಕ ಕಿಟಕಿಯ ಹತ್ತಿರ ಹೋಗಿ ಕಣ್ಣೊರೆಸಿಕೊಂಡರು. ಕೇಳಿದರೆ ಧೂಳು ಅಂದರು.

ಜೂನ್ 2, ಸೋಮವಾರ

ಹೋದ ವರ್ಷದ ಲೇಖನಕ್ಕೆ ತಿದ್ದುಪಡಿ ಕಳಿಸಬೇಕು. ಸರ್ ಬರೆದದ್ದು ಸುತ್ತಿ ಬಳಸಿ ಇತ್ತು, ‘ತಾಂತ್ರಿಕ ಕಾರಣಗಳಿಂದ’ ಅಂತೆಲ್ಲ. ಅಕ್ಕ ಒಪ್ಪಲಿಲ್ಲ. ತಾವೇ ಹೇಳಿದರು, ನಾನು ಟೈಪ್ ಮಾಡಿದೆ.

‘ಮಿದುಳು ಬಿಡಿಸುವ ಕೆಲಸ ಮಾಡಿದ್ದು ನಾನೊಬ್ಬಳೇ. ನಾವು ಕಿರಣ ಇಲ್ಲದ ಇಲಿಗಳಿಂದ ಶುರು ಮಾಡಿ ಹೆಚ್ಚು ಕಿರಣದ ಇಲಿಗಳಿಗೆ ಹೋಗುತ್ತಿದ್ದೆವು. ಸಂಜೆಯ ಹೊತ್ತಿಗೆ ನನ್ನ ಕೈ ನಿಧಾನವಾಗುತ್ತಿತ್ತು. ನಾವು ಕಂಡ ಇಳಿಕೆ ಕಿರಣದಿಂದ ಆದದ್ದಲ್ಲ, ನನ್ನ ಕೈಯಿಂದ ಆದದ್ದು. ಪ್ರತಿ ಇಲಿಯ ಸೆಕೆಂಡುಗಳನ್ನು ಇದರೊಂದಿಗೆ ಕೊಟ್ಟಿದ್ದೇನೆ.’

ಕೆಳಗೆ ಅವರ ಹೆಸರು, ಅವರ ಸಹಿ. ಇಷ್ಟು ವರ್ಷ ಯಾವ ಲೇಖನದಲ್ಲೂ ಅವರ ಹೆಸರಿರಲಿಲ್ಲ. ‘ತಾಂತ್ರಿಕ ಸಹಾಯಕರಿಗೆ ವಂದನೆ’ ಅಷ್ಟೇ. ಮೊದಲ ಸಲ ಅಚ್ಚಾಗುವುದು ಹೀಗೆ. ಟೈಪ್ ಮಾಡುತ್ತಾ ನನ್ನ ಕಣ್ಣು ಮಂಜಾಯಿತು. “ಕಾಗುಣಿತ ಸರಿಯಾಗಿ ನೋಡು, ಅಳ್ತಾ ಕೂರ್ಬೇಡ” ಅಂದರು.

ಪತ್ರಿಕೆಯವರು ತಕ್ಷಣ ಒಪ್ಪಿದ್ದಾರೆ. ಹದಿನಾರಕ್ಕೆ ಅಚ್ಚಿಗೆ.

ಜೂನ್ 13, ಶುಕ್ರವಾರ. ಸಂಜೆ 7

ಸಮ್ಮೇಳನದಿಂದ ಈಗ ಬಂದೆ. ಕೂತು ಬರೆಯಲೇಬೇಕು.

ಸರ್ ಮೆಟ್ಟಿಲಿನ ಗ್ರಾಫ್ ತೋರಿಸಿದರು. ಮುಂದಿನ ಸಾಲಿನವರು ಮೆಚ್ಚಿ ತಲೆದೂಗಿದರು. ಆಮೇಲೆ ಸರ್, “ಇದು ತಪ್ಪು” ಅಂದರು. ಅಕ್ಕನ ಸೆಕೆಂಡುಗಳನ್ನು ಅದರ ಪಕ್ಕ ಇಟ್ಟರು. ಹಿಂದಿನ ಸಾಲಿನಲ್ಲಿ ಅಕ್ಕ ನನ್ನ ಪಕ್ಕ, ಮಡಿಲಲ್ಲಿ ಚೀಲ, ಬೆನ್ನು ನೆಟ್ಟಗೆ. “ಸೆಕೆಂಡು ಬರೆದವರು ಅಲ್ಲಿ ಕೂತಿದ್ದಾರೆ” ಅಂತ ಸರ್ ಕೈ ತೋರಿದರು. ಎಲ್ಲರೂ ತಿರುಗಿದರು. ಇನ್ನೇನು ಪಿಸುಪಿಸು ಶುರುವಾಗುತ್ತೆ ಅಂತ ನಾನು ಅಕ್ಕನ ಕೈ ಹಿಡಿದುಕೊಂಡೆ.

ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯ ವಿಜ್ಞಾನಿ, ಬಿಳಿ ಕೂದಲಿನ ಹೆಂಗಸು, ಮೆಲ್ಲಗೆ ಎದ್ದರು. “ನಮ್ಮ ಲ್ಯಾಬಲ್ಲೂ ಕಿರಣ ಇಲ್ಲದವೇ ಮೊದಲು.” ಕೂತರು. ಮೀಸೆಯವರೊಬ್ಬರು ಕೈ ಎತ್ತಿದರು. “ನಮ್ಮಲ್ಲೂ.” ಇನ್ನೊಂದು ಕೈ. ಏಳು ಕೈ ಎಣಿಸಿದೆ. ಕೈ ಎತ್ತದವರು ಕೆಲವರು ನೆಲ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಚಹಾದ ಹೊತ್ತಲ್ಲಿ ಅಕ್ಕನ ಸುತ್ತ ಜನ. ಕಪ್ಪು ಪುಸ್ತಕ ಕೈಯಿಂದ ಕೈಗೆ. ಆ ಬಿಳಿ ಕೂದಲಿನವರು ಅದರ ಒಂದು ಪುಟವನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡರು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು. ಕಂಡುಹಿಡಿದದ್ದು ನಾನು ಅಂತಲೂ ಒಂದಿಬ್ಬರಿಗೆ ಹೇಳಿಕೊಂಡೆ. ಈಗ ಬರೆಯುವಾಗ ಕೈ ಏಳುತ್ತಿಲ್ಲ.

ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ. ಕಿತ್ತಳೆ ಹಣ್ಣು ಬಿಡಿಸಿ ಅರ್ಧ ನನಗೆ ಕೊಟ್ಟರು.

“ಒಂದು ಕೇಳ್ಲಾ? ಬೈಕೋಬೇಡ.”

“ಕೇಳಿ ಅಕ್ಕ.”

“ಸರ್ ಇವತ್ತು ಕೊನೇಲಿ ಹಳೇ ಗ್ರಾಫೂ ತೋರ್ಸಿದ್ರಲ್ಲ, ಆರು ವರ್ಷದ ಹಿಂದಿಂದು. ಅದ್ರಲ್ಲೂ ಮೆಟ್ಟಿಲಿತ್ತು. ಚಿಕ್ಕದು.”

“ಹೂಂ.”

“ಆಗ ನನ್ನ ಕೈ ಸರಿಯಾಗಿತ್ತು ಕಣೇ. ಬೆಳಗ್ಗೆ ಐವತ್ತೆಂಟು, ಸಂಜೆ ಐವತ್ತೊಂಬತ್ತು. ಪುಸ್ತಕದಲ್ಲಿದೆ ನೋಡು.” ಒಂದು ತೊಳೆ ಬಾಯಿಗೆ ಹಾಕಿಕೊಂಡರು. “ನಾನು ಕತ್ತರಿಸಿ ಕೊಟ್ಟಿದ್ದನ್ನ ನಿನ್ನ ಮೆಷಿನ್‌ಗೆ ಯಾವ ಕ್ರಮದಲ್ಲಿ ಹಾಕ್ತಿದ್ದೆ?”

ಅಕ್ಕ ಟ್ಯೂಬಿನ ಸ್ಟ್ಯಾಂಡಿನಲ್ಲಿ ಹೇಗೆ ಜೋಡಿಸಿ ಕೊಡುತ್ತಿದ್ದರೋ ಹಾಗೆ. ಮೊದಲು ಬಿಳಿ. ಕೊನೆಗೆ ಕೆಂಪು.

ಮೆಷಿನಿನ ಸೆನ್ಸರ್ ದಿನವಿಡೀ ಓಡಿದರೆ ಕೊಳೆ ಕಟ್ಟುತ್ತೆ. ಸಂಜೆಗೆ ಎಲ್ಲವನ್ನೂ ಸ್ವಲ್ಪ ಕಡಿಮೆ ತೋರಿಸುತ್ತೆ. ಅದು ಸರಿಯಿದೆಯಾ ಅಂತ ನೋಡಲು ಗೊತ್ತಿರುವ ಅಳತೆಯ ದ್ರಾವಣ ಹಾಕಿ ಪರೀಕ್ಷಿಸಬೇಕು. ನಾನು ಪರೀಕ್ಷಿಸುತ್ತಿದ್ದದ್ದು ಬೆಳಗ್ಗೆ, ಒಂದೇ ಸಲ. ಈ ಮೇ ತಿಂಗಳದ್ದು ಚೀಟಿಯ ನಂಬರ್ ಪ್ರಕಾರ ಹಾಕಿದ್ದು, ಅದಕ್ಕೆ ತೊಂದರೆಯಿಲ್ಲ. ಅದರ ಹಿಂದಿನ ಒಂಬತ್ತು ವರ್ಷ…

“ಅಕ್ಕಾ, ಹಾಗಾದ್ರೆ ಆ ತಿದ್ದುಪಡಿ…”

“ಅದು ಕಳಿಸಿ ಆಯ್ತಲ್ಲ, ಬಿಡು. ಹದಿನೈದು ದಿನಕ್ಕೆ ನಾನೂ ಹೋಗೋಳು. ಸುಮ್ನೆ ಕೇಳ್ದೆ.” ಕಿಟಕಿಯ ಕಡೆ ತಿರುಗಿದರು. ಮುಂದೆ ಆ ಮಾತೇ ಎತ್ತಲಿಲ್ಲ. ಮಗಳ ಓದಿನ ವಿಷಯ ಕೇಳಿದರು.

ಅವರ ಸೆಕೆಂಡು ಬಗೆದು ನೋಡಿದೆ. ಗ್ರಾಫ್ ಹಾಕಿದೆ, ಎರಡೆರಡು ಸಲ. ನನ್ನ ಮೆಷಿನ್ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ತನ್ನ ಬೆನ್ನು ತನಗೆ ಕಾಣಲ್ಲ ಅಂತಾರೆ. ನಾನು ಕತ್ತು ತಿರುಗಿಸುವ ಕಷ್ಟವನ್ನೂ ತಗೊಳ್ಳಲಿಲ್ಲ. ಅವರು ಎಲ್ಲವನ್ನೂ ತಮ್ಮ ಕೈ ಮೇಲೆ ಹಾಕಿಕೊಂಡು ಸಹಿ ಮಾಡಿದರು. ಟೈಪ್ ಮಾಡಿದವಳು ನಾನು.

ಜೂನ್ 14, ಶನಿವಾರ. ಬೆಳಗ್ಗೆ 7.40

ರಜೆ. ಆದರೂ ಬಂದೆ. ಇವರು ಏನೂ ಕೇಳದೆ ಬೈಕಿನಲ್ಲಿ ಬಿಟ್ಟು ಹೋದರು.

ಮೆಷಿನಿನ ಲಾಗ್ ತೆರೆದೆ. ಆರು ವರ್ಷದ ಹಿಂದಿನ ಮಾರ್ಚ್. ಒಂದರಿಂದ ಆರು, ಬಿಳಿ. ಏಳರಿಂದ ಹನ್ನೆರಡು, ಹಳದಿ. ಹದಿಮೂರರಿಂದ ಹದಿನೆಂಟು, ಕಿತ್ತಳೆ. ಕೊನೆಯ ಆರು, ಕೆಂಪು. ಹೋದ ವರ್ಷ, ಹಾಗೇ. ಈ ಮಾರ್ಚ್, ಹಾಗೇ. ಎಲ್ಲ ನನ್ನದೇ ಅಕ್ಷರ, ದುಂಡಗೆ.

ಗೊತ್ತಿರುವ ಅಳತೆಯ ಹಳೆಯ ದ್ರಾವಣ ಇತ್ತು. ಇವತ್ತು ಬೆಳಗ್ಗೆ ಒಂದು, ಸಂಜೆ ಒಂದು ಹಾಕಿ ನೋಡಿದರೆ ಎಷ್ಟು ಇಳಿಯುತ್ತೆ ಅಂತ ಗೊತ್ತಾಗುತ್ತೆ. ಸಂಜೆ ತನಕ ಕಾದು ಆಮೇಲೆ ಹೇಳಿದರೆ ಸಾಕಲ್ಲ ಅಂತ ಒಂದು ಮನಸ್ಸು. ಮಾರ್ಚ್‌ನಲ್ಲೂ ಹೀಗೇ ಅನಿಸಿತ್ತು, ಹತ್ತು ದಿನ. ಬೇಡ. ಅಳತೆ ಆಮೇಲೆ. ಸೋಮವಾರ ಅಚ್ಚಾದರೆ ಅಕ್ಕನ ಹೆಸರಿನ ಕೆಳಗೆ ನನ್ನ ತಪ್ಪೂ ಶಾಶ್ವತವಾಗಿ ಕೂರುತ್ತೆ.

ಸರ್ ಕಾರಿನ ಸದ್ದು. ಶನಿವಾರ ಎಂಟಕ್ಕೆ ಬರುತ್ತಾರೆ ಅಂತ ಗೊತ್ತಿದ್ದೇ ಬಂದದ್ದು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ, ಎಲ್ಲ ಮರೆತುಹೋಯಿತು. ಬಾಗಿಲ ಹತ್ತಿರ ಬಂದರು. ಮೊದಲು ಇಷ್ಟು ಹೇಳಿದರೆ ಸಾಕು: ಸರ್, ಆ ತಿದ್ದುಪಡಿ ನಿಲ್ಲಿಸಿ, ಅದರಲ್ಲಿ ಅಕ್ಕನ ಹೆಸರೊಂದೇ ಇದೆ, ನನ್ನ ಹೆಸರೂ…